ನಾನ್ನಜದ ಎರೆಭೂತ, ಭಿಗವಣದ ರಾಜಹಂಸ

ಭೂಗೋಳದ ಪಾಠದಲ್ಲಿ ಸವನ್ನಾ ಎಂಬ ಮಾತು ಬಂದಾಗಲೆಲ್ಲ ನಾವು ಇಷ್ಟು ವರ್ಷ ಹಲಗೆಯ ಮೇಲೆ ಆಫ್ರಿಕಾದ ನಕಾಶೆ ಬಿಡಿಸುತ್ತಿದ್ದೆವು. ಎತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಮರ, ಸಿಂಹ, ಜಿರಾಫೆ, ಜೀಪಿನಲ್ಲಿ ಕೂತ ಪ್ರವಾಸಿಗರು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ದಿನವೂ ಶಾಲೆಗೆ ನಡೆದು ಬರುವ ಮಡ್ಡಿಯೇ ಸವನ್ನಾ ಎಂದು ನಮಗೇ ತಿಳಿದಿರಲಿಲ್ಲ. ಮಡ್ಡಿ ಎಂದರೆ ನಮ್ಮ ಕಡೆ ಬೆಳೆ ಬಾರದ, ಕಲ್ಲು ತೇಲಿದ, ಕುರಿ ಮೇಯುವ ನೆಲ. ಅದಕ್ಕೊಂದು ಪಾಠವೇ?

ಈ ಬಾರಿ ಮಕ್ಕಳನ್ನು ಕರೆದುಕೊಂಡು ನಾನ್ನಜಕ್ಕೆ ಹೋಗಿ ಬಂದೆವು. ಸೋಲಾಪುರದಿಂದ ಬಾರ್ಶಿಯ ದಾರಿಯಲ್ಲಿ ಸುಮಾರು 20 ಕಿ.ಮೀ. ದೂರ. ದ್ರಾಕ್ಷಿ ತೋಟಗಳಿಗೆ ಹೆಸರಾದ ಊರು. ಅದರ ಪಕ್ಕದಲ್ಲೇ ಮಾಳಢೋಕ್ ಅಭಯಾರಣ್ಯ. ದೊಡ್ಡ ಫಲಕ, ಅದರ ಮೇಲೆ ಕತ್ತೆತ್ತಿ ನಿಂತ ದೊಡ್ಡ ಹಕ್ಕಿ. ಬೆಳಗಿನಿಂದ ಹೊತ್ತು ಏರುವವರೆಗೆ ನಡೆದೆವು. ಚಿಗರಿಗಳು ಹಿಂಡುಹಿಂಡಾಗಿ ಕಂಡವು. ಫಲಕದ ಹಕ್ಕಿ ಕಾಣಲಿಲ್ಲ. ತಿರುಗಿ ಬಸ್ಸು ಹತ್ತುವಾಗ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿಯೇ ಬಿಟ್ಟ: "ಸರ, ಹಕ್ಕಿ ಫಲಕದಾಗ ಐತಿ, ಮಾಳದಾಗ ಇಲ್ಲಲ್ರಿ?"

ಆ ಪ್ರಶ್ನೆಗೆ ಉತ್ತರ ಕೊಡಲು ಒಂದು ವಾಕ್ಯ ಸಾಲದು. ಆದ್ದರಿಂದ ಈ ಬರಹ.

ಮರಾಠಿಯ ಮಾಳಢೋಕ್‌ಗೆ ಕನ್ನಡದಲ್ಲಿ ಎರೆಭೂತ ಎಂಬ ಹೆಸರಿದೆ. ಬಳ್ಳಾರಿ ಕಡೆ ಎರ್ಲಡ್ಡು ಎನ್ನುತ್ತಾರೆ. ಎರೆ ಅಂದರೆ ಏನೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ, ನಾವೆಲ್ಲ ಎರೆ ಹೊಲದ ಬಿಳಿಜೋಳ ಉಂಡು ಬೆಳೆದವರು. ನಿಂತರೆ ಮೂರೂವರೆ ಅಡಿಗೂ ಮಿಕ್ಕಿದ ಎತ್ತರ. ಗಂಡು ಹಕ್ಕಿ 15 ಕಿಲೋ ತೂಗುವುದುಂಟು, ಹಾರಬಲ್ಲ ಹಕ್ಕಿಗಳಲ್ಲಿ ಲೋಕದಲ್ಲೇ ಅತಿ ಭಾರದವುಗಳ ಸಾಲಿನದು. ಮರ ಹತ್ತುವುದಿಲ್ಲ, ಗೂಡು ಕಟ್ಟುವುದಿಲ್ಲ. ಬಯಲಿನಲ್ಲೇ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ನರಿ, ನಾಯಿ, ಕಾಗೆ, ದನದ ಗೊರಸು ಎಲ್ಲವನ್ನೂ ತಪ್ಪಿಸಿಕೊಂಡು ಆ ಒಂದು ಮೊಟ್ಟೆ ಮರಿಯಾಗಬೇಕು, ಮರಿ ತಿಂಗಳುಗಟ್ಟಲೆ ತಾಯಿಯ ಹಿಂದೆ ಓಡಾಡಿ ಬೆಳೆಯಬೇಕು. ಮಿಡತೆ, ಜೀರುಂಡೆ, ಓತಿಕ್ಯಾತ, ಬಾರಿ ಹಣ್ಣು, ಹೊಲದ ಶೇಂಗಾ ಇದರ ಆಹಾರ. ಇಂಥ ಹಕ್ಕಿಗೆ ಬೇಕಾದದ್ದು ಕಾಡಲ್ಲ, ಬಯಲು. ಹುಲ್ಲಿರಬೇಕು, ಆದರೆ ಕಣ್ಣಿಗೆ ಅಡ್ಡಿಯಾಗಬಾರದು. ನಡುನಡುವೆ ಹಿಂಗಾರಿ ಜೋಳ, ಕುಸುಬಿ, ಶೇಂಗಾ ಇದ್ದರೂ ಅಡ್ಡಿಯಿಲ್ಲ. ಅಂದರೆ ಇಲ್ಲಿಯ ಒಣ ಬೇಸಾಯಗಾರನೂ ಎರೆಭೂತವೂ ಒಂದೇ ನೆಲದಲ್ಲಿ ಬಾಳಿದವರು.

ಈ ಬಯಲು ಹೇಗೆ ಬಂತು? ದೇಶದಲ್ಲೆಲ್ಲ ಮೊದಲು ದಟ್ಟ ಕಾಡಿತ್ತು, ಮನುಷ್ಯ ಕಡಿದು ಬಯಲು ಮಾಡಿದ ಎಂದು ನಾವೆಲ್ಲ ಕಲಿತು, ಕಲಿಸಿದ್ದೇವೆ. ಪಶ್ಚಿಮ ಘಟ್ಟದ ಮಳೆಯ ನೆರಳಿನಲ್ಲಿ, ವರ್ಷಕ್ಕೆ 500ರಿಂದ 700 ಮಿ.ಮೀ. ಮಳೆ ಬೀಳುವ ಈ ದಖ್ಖನದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ ಎಂದು ಈಚೆಗೆ ಬಲವಾದ ಸಾಕ್ಷಿ ಬಂದಿದೆ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನದ ದಾರಿಯೇ ಸೊಗಸಾಗಿದೆ. ಸಂಶೋಧಕರು ಹದಿಮೂರನೆಯ ಶತಮಾನದಿಂದ ಈಚಿನ ಹಳೆಯ ಮರಾಠಿ ಗ್ರಂಥಗಳು, ಜನಪದ ಹಾಡು, ಕಥೆಗಳನ್ನು ಹುಡುಕಿ, ಅವುಗಳಲ್ಲಿ ಹೆಸರಿಸಿದ ಕಾಡುಗಿಡಗಳನ್ನು ಪಟ್ಟಿ ಮಾಡಿದರು. ಹೆಚ್ಚಿನವು ಹುಲ್ಲುಬಯಲಿನ ಗಿಡಗಳೇ! ಸಂತರು ನಡೆದಾಡಿದ ನೆಲವೂ ಮುಳ್ಳುಜಾಲಿ, ಬಾರಿ, ಹುಲ್ಲಿನ ಬಯಲೇ ಆಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ್ದಾದರೂ ಏಕೆ? ಇಲ್ಲಿ ನೀರು ಯಾವತ್ತೂ ಸುಲಭವಾಗಿ ಸಿಕ್ಕದ್ದಲ್ಲ. ವಚನ ಓದುವಾಗ ನಾವು ಆ ಕೆರೆಯನ್ನು ಕಾಯಕದ ಕಥೆಯಾಗಿ ಮಾತ್ರ ನೋಡುತ್ತೇವೆ, ಅದು ಹವಾಮಾನದ ದಾಖಲೆಯೂ ಹೌದು.

ಬಯಲನ್ನು ಮೊದಲು ಲೆಕ್ಕದ ಪುಸ್ತಕದಲ್ಲಿ ಹಾಳು ಎಂದು ಬರೆದವರು ಕಂಪನಿ ಸರಕಾರದವರು. 1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಮುಂಬೈ ಪ್ರಾಂತದ ಹೊಸ ಕಂದಾಯ ಸರ್ವೆ ಪದ್ಧತಿಯನ್ನು ಆರಂಭಿಸಿದ್ದು ನಮ್ಮ ಪಕ್ಕದ ಇಂದಾಪುರ ತಾಲ್ಲೂಕಿನಲ್ಲಿ. ಹೊಲಕ್ಕೊಂದು ನಂಬರು, ಮಣ್ಣಿಗೆ ತಕ್ಕ ದರ, ಮೂವತ್ತು ವರ್ಷಕ್ಕೊಮ್ಮೆ ಬದಲಾವಣೆ. ದರ ಇಳಿದದ್ದರಿಂದ ಬಿದ್ದ ನೆಲವೆಲ್ಲ ನೇಗಿಲಿಗೆ ಬಂತು. ರೈತನಿಗೆ ಅದು ಒಳ್ಳೆಯದೇ ಆಯಿತು, ತೆಗಳಲಾಗದು. ಆದರೆ ತೆರಿಗೆ ತರುವ ನೆಲ, ತೆರಿಗೆ ತರದ ಪಡ ಎಂಬ ಎರಡೇ ಖಾನೆಗಳು ಉಳಿದವು. ಕುರಿ ಮೇಯುವುದು, ಹಕ್ಕಿ ಮೊಟ್ಟೆ ಇಡುವುದು ಯಾವ ಖಾನೆಗೂ ಸೇರಲಿಲ್ಲ. ಆ ಯೋಚನೆ ಎಷ್ಟು ಗಟ್ಟಿ ಎಂದರೆ, ಸ್ವಾತಂತ್ರ್ಯ ಬಂದು ಅರ್ಧ ಶತಮಾನವಾದ ಮೇಲೆ, 2000ದಲ್ಲಿ ಹೊರಬಂದ ಭಾರತದ ಬಂಜರು ಭೂಮಿಯ ನಕಾಶೆ ಪುಸ್ತಕದಲ್ಲಿಯೂ ಕುರುಚಲು ಬಯಲು, ಗೋಮಾಳಗಳಿಗೆ ಜಾಗ ಸಿಕ್ಕಿತ್ತು. ಬಂಜರು ಎಂದು ಒಮ್ಮೆ ಬರೆದರೆ ಮುಗಿಯಿತು, ಅದರ ಮೇಲೆ ಗಿಡ ನೆಡಬಹುದು, ಕಾರ್ಖಾನೆ ಕಟ್ಟಬಹುದು, ಕೇಳುವವರಿಲ್ಲ.

ಬೇಟೆಯ ಕಥೆಯೂ ಅದೇ ಕಾಲದ್ದು. ದಖ್ಖನದ ಪಕ್ಷಿಗಳ ಪಟ್ಟಿ ಮಾಡಿದ ಕರ್ನಲ್ ಸೈಕ್ಸ್ ಈ ಹಕ್ಕಿ ಇಲ್ಲಿ ಸಾಮಾನ್ಯವಾಗಿತ್ತೆಂದೂ, ಒಬ್ಬನೇ ಬೇಟೆಗಾರ ಸಾವಿರ ಹಕ್ಕಿ ಹೊಡೆದಿದ್ದನೆಂದೂ ಬರೆದಿಟ್ಟಿದ್ದಾನೆ. ಸಾವಿರ! ಇಂದು ದೇಶದಲ್ಲೆಲ್ಲ ಕಾಡಿನಲ್ಲಿ ಉಳಿದಿರುವ ಎರೆಭೂತಗಳು 150ರ ಆಸುಪಾಸು ಎಂಬುದು ಅಂದಾಜು, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. 1969ರ ಅಂದಾಜಿನಲ್ಲಿ ಆ ಸಂಖ್ಯೆ 1,260 ಇತ್ತು. ನವಿಲಿಗೆ ರಾಷ್ಟ್ರಪಕ್ಷಿಯ ಪಟ್ಟ ಸಿಕ್ಕಿದ್ದು 1963ರಲ್ಲಿ. ಅದಕ್ಕೂ ಮುಂಚೆ ಡಾ. ಸಲೀಂ ಅಲಿ ಅವರು ಎರೆಭೂತದ ಹೆಸರನ್ನು ಮುಂದಿಟ್ಟಿದ್ದರು. ಅದರ ಇಂಗ್ಲಿಷ್ ಹೆಸರು ಒಂದು ಬೈಗುಳಕ್ಕೆ ಬಹಳ ಹತ್ತಿರವಿದ್ದದ್ದರಿಂದ ಕೈಬಿಟ್ಟರು ಎಂದು ಹೇಳುವುದುಂಟು. ಕನ್ನಡದಲ್ಲಿ ಕೇಳಿದ್ದರೆ ಆ ತೊಂದರೆ ಇರಲಿಲ್ಲ, ಭೂತವೆಂದು ಹೆದರುತ್ತಿದ್ದರೋ ಏನೋ!

ಇನ್ನು ನಾನ್ನಜದ ಮಾತು. 1972ರ ಬರ ನೆನಪಿದ್ದವರು ನಮ್ಮ ಪಾಲಕರಲ್ಲಿ ಇನ್ನೂ ಇದ್ದಾರೆ. ಜನ ಕಲ್ಲು ಒಡೆದು, ರಸ್ತೆಗೆ ಖಡಿ ಹಾಕಿ ಹೊಟ್ಟೆ ಹೊರೆದ ವರ್ಷ. ಆ ಬರದ ಬೆನ್ನಿಗೇ ಕೇಂದ್ರ ಸರಕಾರದ ಬರಪೀಡಿತ ಪ್ರದೇಶ ಯೋಜನೆ ಬಂತು. ಅದರಡಿ ನಾನ್ನಜದ ಸುತ್ತ ಅರಣ್ಯ ಇಲಾಖೆ ಕೆಲವು ತುಂಡು ನೆಲಕ್ಕೆ ಕಾವಲು ಹಾಕಿ ಹುಲ್ಲು ಬೆಳೆಸಿತು. ಉದ್ದೇಶ ಹಕ್ಕಿ ಅಲ್ಲವೇ ಅಲ್ಲ, ಮೇವು ಮತ್ತು ಮಣ್ಣು. ಆದರೆ ಹುಲ್ಲು ಎದ್ದು ನಿಂತಾಗ ಎರೆಭೂತಗಳು ಬಂದು ಅಲ್ಲಿ ಮೊಟ್ಟೆ ಇಟ್ಟವು. ಸೋಲಾಪುರದ ಪಕ್ಷಿವೀಕ್ಷಕ ಬಿ. ಎಸ್. ಕುಲಕರ್ಣಿಯವರು 1970ರ ದಶಕದಲ್ಲಿ ಈ ಸಂಗತಿಯನ್ನು ಬೆಳಕಿಗೆ ತಂದರು. ದೊಡ್ಡ ಸಂಸ್ಥೆಗಳು ಬರುವ ಮೊದಲು ಮಾಳದಲ್ಲಿ ದಿನಗಟ್ಟಲೆ ಕೂತು ನೋಡಿದವರು ಸ್ಥಳೀಯರೇ ಎಂಬುದನ್ನು ಮಕ್ಕಳಿಗೆ ಬಿಡದೆ ಹೇಳುತ್ತೇವೆ. ಆಮೇಲೆ 1981ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹಮಾನಿ ಮತ್ತು ಅವರ ಸಂಗಡಿಗರು ಮಧ್ಯಪ್ರದೇಶದ ಕರೇರಾ, ನಮ್ಮ ನಾನ್ನಜ, ಆಂಧ್ರದ ಕರ್ನೂಲು ಕಡೆಯ ರೋಳ್ಳಪಾಡುಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಮಳೆಗಾಲದಲ್ಲಿ ಗಂಡು ಹಕ್ಕಿ ಕೊರಳ ಚೀಲ ಉಬ್ಬಿಸಿ, ಬಾಲ ಬೆನ್ನ ಮೇಲೆ ಮಡಚಿ, ದೂರಕ್ಕೆ ಕೇಳುವಂತೆ ಗುಮ್ಮೆನ್ನುವುದನ್ನು ನೋಡಲು ಪುಣೆ, ಮುಂಬೈಗಳಿಂದ ಜನ ಬರತೊಡಗಿದರು. ನಮ್ಮ ಭಾಗಕ್ಕೆ ವನ್ಯಜೀವಿ ಪ್ರವಾಸ ಎಂಬ ಮಾತು ಬಂದದ್ದು ಹೀಗೆ.

ತಪ್ಪಾದದ್ದು ನಕಾಶೆಯಲ್ಲಿ. 1979ರಲ್ಲಿ ಮಹಾರಾಷ್ಟ್ರ ಸರಕಾರ ಮಾಳಢೋಕ್ ಅಭಯಾರಣ್ಯ ಘೋಷಿಸಿತು, ವಿಸ್ತೀರ್ಣ 8,496 ಚದರ ಕಿ.ಮೀ.! ಇಡೀ ಗೋವಾ ರಾಜ್ಯವೇ 3,702 ಚದರ ಕಿ.ಮೀ. ಎರಡು ಗೋವಾಗಳನ್ನು ನುಂಗಿಯೂ ಜಾಗ ಉಳಿಯುವಷ್ಟು ದೊಡ್ಡ ಅಭಯಾರಣ್ಯ. ಸೋಲಾಪುರ ಜಿಲ್ಲೆಯ ಉತ್ತರ ಸೋಲಾಪುರ, ಮೋಹೋಳ, ಮಾಢಾ, ಕರ್ಮಾಳಾ, ಆಗಿನ ಅಹಮದನಗರ ಜಿಲ್ಲೆಯ ಕರ್ಜತ್, ಶ್ರೀಗೊಂದಾ, ನೇವಾಸಾ, ಹೀಗೆ ತಾಲ್ಲೂಕುಗಳೇ ಅದರಲ್ಲಿ ಸೇರಿದವು. ಊರು, ಸಂತೆ, ಹೆದ್ದಾರಿ, ರೈಲು ಹಳಿ ಎಲ್ಲವೂ ಅಭಯಾರಣ್ಯದೊಳಗೆ. ಇಲಾಖೆಯ ಕೈಯಲ್ಲಿ ನಿಜವಾಗಿ ಇದ್ದದ್ದು ಅದರಲ್ಲಿ ಅಲ್ಲಲ್ಲಿ ಚೂರುಚೂರು ಹುಲ್ಲುನೆಲ ಮಾತ್ರ, ಉಳಿದದ್ದೆಲ್ಲ ರೈತರ ಹೆಸರಿನಲ್ಲಿರುವ ಜಮೀನು.

ಒಳ್ಳೆಯ ಮನಸ್ಸಿನಿಂದಲೇ ಗೆರೆ ಎಳೆದಿದ್ದರು, ಇದರಲ್ಲಿ ನಮಗೆ ಅನುಮಾನವಿಲ್ಲ. ಹಕ್ಕಿ ದೂರದೂರ ಹಾರುತ್ತದೆ, ಅದು ಹೋದಲ್ಲೆಲ್ಲ ರಕ್ಷಣೆ ಇರಲಿ ಎಂದು. ಆದರೆ ಕಾನೂನು ಕಾಗದದ ಮೇಲೆ ಮಲಗಿರುವುದಿಲ್ಲ. ಜಮೀನು ಮಾರಲು, ಕೃಷಿಯಲ್ಲದ ಕೆಲಸಕ್ಕೆ ಬಳಸಲು, ಗಣಿ, ಕಾರ್ಖಾನೆ, ರಸ್ತೆಗೆ, ಪ್ರತಿಯೊಂದಕ್ಕೂ ಒಪ್ಪಿಗೆ ಬೇಕೆಂಬ ಅಡ್ಡಿ ಎದ್ದಿತು. ಮಗಳ ಮದುವೆಗೆ ಎರಡು ಎಕರೆ ಮಾರಬೇಕಾದವನಿಗೆ, ಸಾತ್‌ಬಾರಾ ಉತಾರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನಿಗೆ, ಇದಕ್ಕೆಲ್ಲ ಕಾರಣ ಒಂದು ಹಕ್ಕಿ ಎಂದು ಗೊತ್ತಾದರೆ ಅವನ ಮನಸ್ಸಿನಲ್ಲಿ ಏನು ಹುಟ್ಟೀತು? ನಾವು ಓಡಾಡಿದ ಹಳ್ಳಿಗಳಲ್ಲಿ ಹಿರಿಯರು ಇದನ್ನು ನಗುತ್ತಲೇ ಹೇಳಿದರು: ನಮ್ಮ ಹೊಲದಲ್ಲಿ ಮಾಳಢೋಕ್ ಕಂಡರೆ ಯಾರಿಗೂ ಹೇಳುತ್ತಿರಲಿಲ್ಲ. ಮೊದಲು ಮಳೆಯ ಸೂಚನೆ ಎಂದೋ, ಮಾಳದ ಶೋಭೆ ಎಂದೋ ನೋಡುತ್ತಿದ್ದ ಹಕ್ಕಿ ಜಪ್ತಿ ನೋಟೀಸಿನಂತೆ ಕಾಣತೊಡಗಿತ್ತು.

ಬೇರೆಡೆಯ ಅನುಭವವೂ ಹೀಗೆಯೇ. ಕರೇರಾದಲ್ಲಿ 1981ರಲ್ಲಿ ಅಭಯಾರಣ್ಯವಾಯಿತು, ಅಲ್ಲಿಯೂ ಹೆಚ್ಚಿನದು ರೈತರ ಜಮೀನು. ರಕ್ಷಣೆ ಸಿಕ್ಕ ಚಿಗರಿಗಳು ಹೆಚ್ಚಿ ಬೆಳೆಗೆ ನುಗ್ಗಿದವು, ಜನ ಸಿಟ್ಟಾದರು, 1990ರ ದಶಕದ ನಡುವಿನ ಹೊತ್ತಿಗೆ ಎರೆಭೂತ ಅಲ್ಲಿ ಇಲ್ಲವಾಯಿತು. ನಮ್ಮ ಕರ್ನಾಟಕದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಚಿಗರಿಗಳಿಗೂ ಈ ಹಕ್ಕಿಗೂ ಎಂದು ಅಭಯಾರಣ್ಯ ಮಾಡಿ, ಅದೇ ಬಯಲಿಗೆ ನೀಲಗಿರಿ ಗಿಡ ನೆಟ್ಟಿದ್ದರು. ಬಯಲಿನ ಹಕ್ಕಿಗೆ ತೋಪು ಮಾಡಿಕೊಟ್ಟಂತೆ! ರೋಳ್ಳಪಾಡಿನಿಂದಲೂ ಹಕ್ಕಿ ಮರೆಯಾಯಿತು. ಕರ್ನಾಟಕದಲ್ಲಿ ಈಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಹಕ್ಕಿಗಳು ಉಳಿದಿವೆ. ನಾನ್ನಜದ ಹುಲ್ಲುನೆಲಗಳಲ್ಲೂ ಹಸಿರು ಮಾಡುವ ಉತ್ಸಾಹಕ್ಕೆ ಗ್ಲಿರಿಸಿಡಿಯಾ, ಸುಬಾಬುಲ್ ಗಿಡಗಳು ಬಂದವು. ಪರಿಸರ ದಿನದಂದು ಮಕ್ಕಳಿಂದ ಎಲ್ಲೆಂದರಲ್ಲಿ ಸಸಿ ನೆಡಿಸಿದ ನಾವೂ ಈ ತಪ್ಪಿನಲ್ಲಿ ಪಾಲುದಾರರೇ. ಶಾಲೆಯ ಹಿಂದಿನ ಮಡ್ಡಿಯಲ್ಲಿ ಒಂದು ವರ್ಷ ಐವತ್ತು ಗುಂಡಿ ತೋಡಿಸಿದ್ದೆವು. ಸಸಿಗಳು ಬೇಸಿಗೆಗೆ ಒಣಗಿದವು, ಗುಂಡಿಯ ಸುತ್ತ ಹುಲ್ಲು ಮಾತ್ರ ಮತ್ತೆ ಎದ್ದಿತು.

ಕೊನೆಗೆ 2012ರ ಹೊತ್ತಿಗೆ ಅಭಯಾರಣ್ಯದ ವಿಸ್ತೀರ್ಣವನ್ನು 1,222 ಚದರ ಕಿ.ಮೀ.ಗೆ ಇಳಿಸಿದರು. ಅಷ್ಟರಲ್ಲಿ ಮೂರು ದಶಕ ಕಳೆದಿತ್ತು. 2011ರಲ್ಲೇ ಜಾಗತಿಕ ಕೆಂಪು ಪಟ್ಟಿಯಲ್ಲಿ ಎರೆಭೂತ ಅಳಿವಿನ ಅತ್ಯಂತ ಅಂಚಿನ ಹಂತಕ್ಕೆ ಸೇರಿಯಾಗಿತ್ತು. ಈಚಿನ ವರ್ಷಗಳ ಎಣಿಕೆಗಳಲ್ಲಿ ನಾನ್ನಜದ ಕಡೆ ಒಂದೆರಡು ಹಕ್ಕಿ ಕಂಡರೆ ಅದೇ ಸುದ್ದಿ.

ಆದರೆ ಎಲ್ಲ ತಪ್ಪನ್ನೂ ಅಭಯಾರಣ್ಯದ ಗೆರೆಯ ಮೇಲೆ ಹೊರಿಸಿದರೆ ಅದು ಅರ್ಧ ಇತಿಹಾಸವಾದೀತು. ಉಳಿದರ್ಧ ಭೀಮೆಯಲ್ಲಿದೆ.

ಅಭಯಾರಣ್ಯ ಘೋಷಣೆಯಾದ ಮರುವರ್ಷ, 1980ರಲ್ಲಿ, ಮಾಢಾ ತಾಲ್ಲೂಕಿನ ಉಜನಿಯಲ್ಲಿ ಭೀಮಾ ನದಿಗೆ ಅಣೆಕಟ್ಟು ಮುಗಿಯಿತು. ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದಕ್ಕೂ ಮೊದಲು ಸೋಲಾಪುರದ ಹತ್ತಿರ ದೊಡ್ಡ ನೀರೆಂದರೆ 1871ರಲ್ಲಿ ಬ್ರಿಟಿಷರು ಮುಗಿಸಿದ ಏಕ್ರುಖ್ ಕೆರೆ, ನಮ್ಮವರು ಹಿಪ್ಪರಗಾ ಕೆರೆ ಎನ್ನುವುದು ಅದನ್ನೇ. ಉಜನಿಯ ಮುಂದೆ ಅದು ಬೊಗಸೆ ನೀರು. ಕಾಲುವೆ ಹರಿದಲ್ಲೆಲ್ಲ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಇಂದು ಸೋಲಾಪುರ ಜಿಲ್ಲೆಯಲ್ಲಿ ಅವು 30ಕ್ಕೂ ಹೆಚ್ಚು. ಕಾಲುವೆ ಮುಟ್ಟದ ಕಡೆ ಬೋರು, ಬೋರಿಗೆ ಕರೆಂಟು, ಕರೆಂಟಿಗೆ ತಂತಿ. ಎರೆಭೂತಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ, ನೇರ ಮುಂದಿನದು ಸರಿಯಾಗಿ ಕಾಣದು. ಭಾರದ ದೇಹ, ಹಾರುವಾಗ ತಟ್ಟನೆ ತಿರುಗಲಾರದು, ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತುಗಳಲ್ಲಿ ಸೌರ ಮತ್ತು ಗಾಳಿ ವಿದ್ಯುತ್ತಿನ ತಂತಿಗಳ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2021ರಲ್ಲಿ ತಂತಿಗಳನ್ನು ನೆಲದಡಿ ಹಾಕಲು ಆದೇಶವಾಯಿತು. 2024ರಲ್ಲಿ ಅದೇ ನ್ಯಾಯಾಲಯ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಅಲ್ಲಿ 2019ರಿಂದ ಮೊಟ್ಟೆ ತಂದು ಮರಿ ಮಾಡಿಸಿ ಸಾಕುವ ಕೇಂದ್ರವೂ ನಡೆದಿದೆ. ನಮ್ಮ ಕಡೆ ಹಕ್ಕಿ ಹೋದದ್ದು ಅಷ್ಟು ಸದ್ದಿಲ್ಲದೆ. ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ದ್ರಾಕ್ಷಿಯ ಚಪ್ಪರವಾಯಿತು. ಆಳೆತ್ತರದ ಕಬ್ಬಿನಲ್ಲಿ ಬಯಲಿನ ಹಕ್ಕಿ ಏನು ಮಾಡೀತು?

ವಿಚಿತ್ರವೆಂದರೆ ಅದೇ ಅಣೆಕಟ್ಟು ಇನ್ನೊಂದು ಹಕ್ಕಿಯನ್ನು ಕರೆತಂದಿತು.

ಸೋಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಇಂದಾಪುರ ತಾಲ್ಲೂಕಿನ ಭಿಗವಣ ಸಿಗುತ್ತದೆ. ವಿಂಗೇಟ್ ಸಾಹೇಬ ಸರಪಳಿ ಎಳೆದು ಅಳೆಸಿದ ಅದೇ ತಾಲ್ಲೂಕು! ಅವನು ನಂಬರು ಹಾಕಿಸಿದ ಎಷ್ಟೋ ಹೊಲಗಳು ಈಗ ಉಜನಿಯ ಹಿನ್ನೀರಿನಡಿ ಇವೆ. ಹತ್ತಾರು ಹಳ್ಳಿಗಳು ಮುಳುಗಿದವು. ಪಳಸದೇವದ ಹಳೆಯ ಪಳಸನಾಥ ದೇವಾಲಯ ನೀರು ತೀರ ಇಳಿದ ವರ್ಷ ಮಾತ್ರ ಮೇಲೆ ಕಾಣುತ್ತದೆ, 2023ರಲ್ಲೂ ಹಾಗೆ ಕಂಡಾಗ ಜನ ಸಾಲುಗಟ್ಟಿ ಹೋಗಿ ನೋಡಿದರು. ಹೊಲ ಕಳೆದುಕೊಂಡವರಲ್ಲಿ ಕೆಲವರು, ಹೊರಗಿನಿಂದ ಬಂದ ಬೆಸ್ತರು ಹಲವರು, ಹಿನ್ನೀರಿನಲ್ಲಿ ಬಲೆ ಹಾಕಿ ಬದುಕತೊಡಗಿದರು. ಚಳಿಗಾಲ ಕಳೆದು ನೀರು ಕಾಲುವೆಗೆ ಹರಿದಂತೆಲ್ಲ ಅಂಚಿನಲ್ಲಿ ಮೊಣಕಾಲುದ್ದ ನೀರಿನ ಕೆಸರು ತೆರೆದುಕೊಳ್ಳುತ್ತದೆ. ರಾಜಹಂಸಕ್ಕೆ ಬೇಕಾದದ್ದು ಅದೇ. ಕೊಕ್ಕನ್ನು ತಲೆಕೆಳಗಾಗಿ ಕೆಸರಿಗೆ ಇಳಿಸಿ, ಜರಡಿ ಹಿಡಿದಂತೆ ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಮರಾಠಿಯಲ್ಲಿ ರೋಹಿತ ಎನ್ನುತ್ತಾರೆ. ಜೊತೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು, ಬಾತು, ಕೊಕ್ಕರೆ, ಮೀನುಗಳ ಮೇಲೆ ಎರಗುವ ಡೇಗೆಗಳು.

ಅಲ್ಲಿ ಅಭಯಾರಣ್ಯದ ನಕಾಶೆ ಮೊದಲು ಬರಲಿಲ್ಲ, ಕ್ಯಾಮೆರಾ ಹಿಡಿದವರು ಬಂದರು. ದೋಣಿ ಇದ್ದವನು ಬೆಸ್ತ. ಹಕ್ಕಿ ಎಲ್ಲಿ ಕೂಡುತ್ತದೆಂದು ಗೊತ್ತಿದ್ದವನೂ ಅವನೇ. ಕುಂಭಾರಗಾವ, ಡಿಕ್ಸಳಗಳಲ್ಲಿ ಮೀನು ಹಿಡಿಯುವವರು ಬೆಳಗಿನ ಎರಡು ಮೂರು ತಾಸು ದೋಣಿ ನಡೆಸುವವರಾದರು. ಹೆಣ್ಣುಮಕ್ಕಳು ಮನೆಯಲ್ಲಿ ಭಾಕರಿ, ಮೀನು ಸಾರು ಮಾಡಿ ಬಡಿಸತೊಡಗಿದರು. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ಹಕ್ಕಿಗಳ ಇಂಗ್ಲಿಷ್ ಹೆಸರನ್ನು ಗಟಗಟನೆ ಹೇಳುವುದನ್ನು ನಾವೇ ಕೇಳಿದ್ದೇವೆ. ಹಕ್ಕಿಗೆ ಕಲ್ಲು ಹೊಡೆದರೆ ಅವರೇ ಗದರುತ್ತಾರೆ, ಏಕೆಂದರೆ ಹಕ್ಕಿ ಎದ್ದು ಹೋದರೆ ಅವತ್ತಿನ ಸಂಪಾದನೆ ಎದ್ದು ಹೋದಂತೆ. ಹಕ್ಕಿಯಿಂದ ಇವರಿಗೆ ಏನೋ ಬರುತ್ತದೆ, ನಾನ್ನಜದವನಿಂದ ಹಕ್ಕಿಯ ಹೆಸರಿನಲ್ಲಿ ಏನೋ ಹೋಗುತ್ತಿತ್ತು. ಮೂವತ್ತು ವರ್ಷದಲ್ಲಿ ಇದೇ ಬಹಳ ದೊಡ್ಡ ವ್ಯತ್ಯಾಸವಾಯಿತು ಎಂಬುದು ನಮ್ಮ ಎಣಿಕೆ.

ನಾವು ಆಫ್ರಿಕಾದ ನಕಾಶೆ ಬಿಡಿಸಿ ಬಿಟ್ಟುಬಿಡುತ್ತಿದ್ದೆವಲ್ಲ, ಅಲ್ಲಿಯದೂ ಇದೇ ಜಗಳ. ಟಾಂಜಾನಿಯಾದ ಸೆರೆಂಗೆಟಿಯ ಒಳಗೆ ದನ ಮೇಯಿಸುತ್ತಿದ್ದ ಮಾಸಾಯಿ ಜನರನ್ನು 1959ರಲ್ಲಿ ಹೊರಗೆ ಕಳಿಸಿದರು. ಅದರ ಪಕ್ಕದಲ್ಲೇ ಕೀನ್ಯಾದ ಮಾಸಾಯಿ ಮಾರಾದ ಸುತ್ತ, 2000ದ ನಂತರ, ಪ್ರವಾಸೋದ್ಯಮದವರು ಮಾಸಾಯಿ ಕುಟುಂಬಗಳಿಗೆ ಅವರ ನೆಲಕ್ಕೆ ಗುತ್ತಿಗೆ ಹಣ ಕೊಟ್ಟು ಬಯಲನ್ನು ಬಯಲಾಗಿಯೇ ಇಡುವ ಏರ್ಪಾಡು ಬೆಳೆಯಿತು. ಅದರಲ್ಲೂ ತಂಟೆ ಇಲ್ಲದಿಲ್ಲ, ಎಷ್ಟು ದನ ಯಾವಾಗ ಮೇಯಬೇಕೆಂಬುದು ಅಲ್ಲಿಯೂ ತಕರಾರೇ. ಆದರೂ ನೆಲದವನ ಹೆಸರು ಲೆಕ್ಕದಲ್ಲಿದೆ.

ಭಿಗವಣವನ್ನು ಹೊಗಳಿ ಮುಗಿಸಲೂ ಆಗದು. ಪುಣೆ, ಪಿಂಪ್ರಿ-ಚಿಂಚವಡಗಳ ಹೊಲಸು ನೀರು ಭೀಮೆಯ ಮೂಲಕ ಇದೇ ಹಿನ್ನೀರಿಗೆ ಬರುತ್ತದೆ, ಬೇಸಿಗೆಯಲ್ಲಿ ನೀರು ಹಸಿರುಗಟ್ಟಿ ನಾರುತ್ತದೆ. ತಿಲಾಪಿಯಾ ಮೀನು ಹಬ್ಬಿ ನದಿಯ ಹಳೆಯ ಮೀನುಗಳು ಕಡಿಮೆಯಾಗಿವೆ. ಒಳ್ಳೆಯ ಫೋಟೋ ಬೇಕೆಂದು ದೋಣಿಯನ್ನು ಹಿಂಡಿನ ನಡುವೆಯೇ ನುಗ್ಗಿಸಿ ಎನ್ನುವ ಪ್ರವಾಸಿಗರೂ ಇದ್ದಾರೆ. ಮಳೆ ಹೆಚ್ಚಾಗಿ ಜಲಾಶಯ ತುಂಬಿ ನಿಂತ ವರ್ಷ ಕೆಸರಂಚು ತಡವಾಗಿ ತೆರೆಯುತ್ತದೆ, ರಾಜಹಂಸವೂ ತಡ, ಗಳಿಕೆಯೂ ತಡ. 2024ರ ಮೇ ತಿಂಗಳಲ್ಲಿ ಉಜನಿಯ ಹಿನ್ನೀರಿನ ಇನ್ನೊಂದು ಕಡೆ ಬಿರುಗಾಳಿಗೆ ಪ್ರಯಾಣಿಕರ ದೋಣಿ ಮಗುಚಿ ಆರು ಜನ ತೀರಿಕೊಂಡರು. ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ತೇಲುವ ಜಾಕೀಟು ಇಲ್ಲದ ದೋಣಿಗೆ ಕಾಲಿಡಬಾರದು, ಎಷ್ಟೇ ಒತ್ತಾಯ ಮಾಡಲಿ. ಈ ನೀರು ನಮಗೂ ಬೇರೆಯವರದ್ದಲ್ಲ. ಉಜನಿಯಿಂದ ಬಿಟ್ಟದ್ದೇ ಭೀಮೆಯಲ್ಲಿ ಹರಿದು ಗಡಿಯ ಔಜ್ ಬಂಧಾರೆಯಲ್ಲಿ ನಿಂತು ಸೋಲಾಪುರ ಕುಡಿಯುವ ನೀರಾಗುತ್ತದೆ, ಅಲ್ಲಿಂದ ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಳೆಸಾಲಿನವರ ಪಾಲು.

ಹುಲ್ಲುಬಯಲಿನ ಕಡೆಯೂ ಈಗ ಸಣ್ಣದೊಂದು ಬದಲಾವಣೆ ಕಾಣುತ್ತಿದೆ. 2023ರಲ್ಲಿ ಪುಣೆ ಅರಣ್ಯ ವಿಭಾಗದವರು ಇಂದಾಪುರ ತಾಲ್ಲೂಕಿನ ಕಡಬನವಾಡಿ ಮತ್ತು ಬಾರಾಮತಿ ತಾಲ್ಲೂಕಿನ ಶಿರ್ಸುಫಳಗಳಲ್ಲಿ ಹುಲ್ಲುಗಾವಲು ಸಫಾರಿ ಆರಂಭಿಸಿದರು. ತೋಳ, ಕತ್ತೆಕಿರುಬ, ಚಿಂಕಾರ, ನರಿ ನೋಡಲು ಜನ ಶುಲ್ಕ ಕೊಟ್ಟು ಬರುತ್ತಾರೆ, ಮಾರ್ಗದರ್ಶಕರು ಆಯಾ ಊರಿನವರೇ. ಹುಲಿ ಇಲ್ಲದ ಕಡೆಗೂ ಸಫಾರಿಗೆ ಬರುವವರಿದ್ದಾರೆ ಎಂಬುದು ನಮಗೆ ಸೋಜಿಗವೇ. ತೋಳವನ್ನು ನೋಡಲು ದುಡ್ಡು ಕೊಡುತ್ತಾರೆಂದು ನಮ್ಮ ಕುರಿಗಾಹಿಗಳಿಗೆ ಹೇಳಿದರೆ ನಗುತ್ತಾರೆ. ಅವರ ಕುರಿ ತಿಂದ ಲೆಕ್ಕ ಯಾರು ಕೊಡಬೇಕು ಎಂದೂ ಕೇಳುತ್ತಾರೆ. ಆ ಪ್ರಶ್ನೆ ಬಿಟ್ಟು ಸಫಾರಿ ನಡೆಸಿದರೆ 1979ರ ನಕಾಶೆಯನ್ನೇ ಇನ್ನೊಮ್ಮೆ ಬಿಡಿಸಿದಂತೆ.

ಅವತ್ತು ನಾನ್ನಜದಿಂದ ಬರುವಾಗ ದಾರಿಯಲ್ಲಿ ಒಬ್ಬ ಹಿರಿಯ ಕುರುಬರು ಹಿಂಡು ದಾಟಿಸುತ್ತಿದ್ದರು. ಬಸ್ಸು ನಿಂತಿತು. ಮಕ್ಕಳು ಕನ್ನಡದಲ್ಲಿ ಮಾತಾಡುವುದು ಕೇಳಿ ಅವರೇ ಹತ್ತಿರ ಬಂದರು, ಅಕ್ಕಲಕೋಟೆ ತಾಲ್ಲೂಕಿನವರು, ಮಳೆ ನೋಡಿಕೊಂಡು ಈ ಕಡೆ ಕುರಿ ತಂದಿದ್ದರು. ನಮ್ಮ ಹುಡುಗ ಅವರಿಗೂ ಅದೇ ಪ್ರಶ್ನೆ ಹಾಕಿದ: "ಅಜ್ಜಾರ, ನೀವು ಎರೆಭೂತ ನೋಡೀರೇನ್ರಿ?"

"ನಾ ಸಣ್ಣಾಂವ ಇದ್ದಾಗ ನೋಡೇನಪಾ" ಎಂದರು. "ನಮ್ಮಪ್ಪನ ಕುರಿ ಹಿಂದಿಂದ ಬರ್ತಿತ್ತು. ಕುರಿ ತುಳಿದಲ್ಲೆ ಮಿಡಚಿ ಏಳ್ತಾವಲ್ಲ, ಅವನ್ನ ತಿನ್ನಾಕ. ನಾವು ನಿಂತ್ರ ಅದೂ ನಿಲ್ತಿತ್ತು."

ಬಸ್ಸಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ನೋಟ್‌ಬುಕ್ಕಿನಲ್ಲಿ ಅವತ್ತಿನ ಪಟ್ಟಿ ಬರೆದಳು. ಚಿಗರಿ 43. ತೋಳ 1, ದೂರದಲ್ಲಿ. ಎರೆಭೂತ, ಅಜ್ಜಾರು ನೋಡಿದ್ದು 1. ಕೊನೆಯದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನಮ್ಮನ್ನು ಕೇಳಿದಳು. ಹಿಡಿ, ಆದರೆ ಪಕ್ಕದಲ್ಲಿ ಯಾವ ವರ್ಷವೆಂದು ಬರೆ ಎಂದೆವು. ಅಜ್ಜನನ್ನು ಕೇಳುವುದು 

ಮರೆತಿತ್ತು, ಆ ಜಾಗ ಖಾಲಿ ಬಿಟ್ಟಿದ್ದಾಳೆ.